ನಲವತ್ತು ದಾಟಿದ ಮೇಲೆ ಸರ್ಕಾರಿ ಕುರ್ಚಿ: ಲ್ಯಾಟರಲ್ ಎಂಟ್ರಿ ಬಂದ ದಾರಿ

ಐಎಎಸ್ ಪರೀಕ್ಷೆ ಬರೆಯಲು ಸಾಮಾನ್ಯ ವರ್ಗದವರಿಗೆ 32 ವರ್ಷ ಕೊನೆ. ಆಮೇಲೆ ಖಾಸಗಿ ಕಂಪನಿಯಲ್ಲಿ ಎಷ್ಟೇ ಮೇಲಕ್ಕೆ ಏರಿದರೂ ದೆಹಲಿಯ ಸಚಿವಾಲಯದಲ್ಲಿ ಕೂರಲು ದಾರಿ ಇರಲಿಲ್ಲ. ಅಧಿಕಾರದಲ್ಲಿದ್ದವರು ತಾವಾಗಿ ಕರೆದರೆ ಮಾತ್ರ ಉಂಟು. ಹೀಗೆ ಐಎಎಸ್ ಪರೀಕ್ಷೆ ಬರೆಯದೆ ಹೊರಗಿನಿಂದ ನೇರವಾಗಿ ಮೇಲಿನ ಹುದ್ದೆಗೆ ಬರುವುದೇ ಲ್ಯಾಟರಲ್ ಎಂಟ್ರಿ.

ಹಾಗೆ ಕರೆದದ್ದೂ ಕಡಿಮೆಯೇನಲ್ಲ. ನೆಹರೂ ಕಾಲದಲ್ಲಿ, 1950ರ ದಶಕದ ಕೊನೆಗೆ, ಸರ್ಕಾರಿ ಕಾರ್ಖಾನೆಗಳನ್ನು ನಡೆಸಲು ಹೊರಗಿನ ಅನುಭವಿಗಳನ್ನು ಸೇರಿಸಿ ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಪೂಲ್ ಅಂತ ಮಾಡಿದರು. ಅದು ಹೆಚ್ಚು ದಿನ ಬಾಳಲಿಲ್ಲ. 1971ರಲ್ಲಿ ಪಾಠ ಹೇಳುತ್ತಿದ್ದ ಮನಮೋಹನ್ ಸಿಂಗ್ ವಾಣಿಜ್ಯ ಸಚಿವಾಲಯದ ಆರ್ಥಿಕ ಸಲಹೆಗಾರರಾದರು. 2002ರಲ್ಲಿ ಬಿಎಸ್‌ಇಎಸ್ ಎಂಬ ಖಾಸಗಿ ವಿದ್ಯುತ್ ಕಂಪನಿಯ ಮುಖ್ಯಸ್ಥ ಆರ್.ವಿ. ಶಾಹಿ ನೇರವಾಗಿ ಕೇಂದ್ರದ ವಿದ್ಯುತ್ ಕಾರ್ಯದರ್ಶಿ. 2009ರಲ್ಲಿ ನಮ್ಮ ನಂದನ್ ನಿಲೇಕಣಿ 54ನೇ ವಯಸ್ಸಿನಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಪ್ರಾಧಿಕಾರಕ್ಕೆ ಹೋದರು, ಅದೂ ಸಂಪುಟ ದರ್ಜೆಯೊಂದಿಗೆ. ಇವರು ಯಾರೂ ಅರ್ಜಿ ಹಾಕಿ ಕಾದವರಲ್ಲ.

ಇದನ್ನು ಒಂದು ಪದ್ಧತಿ ಮಾಡಬೇಕು ಎಂಬ ಮಾತಿಗೆ ಕರ್ನಾಟಕದ ನಂಟು ಜಾಸ್ತಿ. 1966ರ ಮೊದಲ ಆಡಳಿತ ಸುಧಾರಣಾ ಆಯೋಗವನ್ನು ಮೊರಾರ್ಜಿ ದೇಸಾಯಿ ನಂತರ ನಡೆಸಿದವರು ಕೆಂಗಲ್ ಹನುಮಂತಯ್ಯ. ಎಲ್ಲ ಇಲಾಖೆಗೂ ಅದೇ ಐಎಎಸ್ ಅಧಿಕಾರಿ ಸಾಲದು, ವಿಷಯ ಬಲ್ಲವರೂ ಮೇಲಿನ ಹುದ್ದೆಗೆ ಬರಬೇಕು ಎಂದಿತು ಆ ಆಯೋಗ. 2005ರ ಎರಡನೇ ಆಯೋಗಕ್ಕೆ ವೀರಪ್ಪ ಮೊಯ್ಲಿ ಅಧ್ಯಕ್ಷರು. ಹೊರಗಿನವರಿಗೆ ಮೇಲಿನ ಹಂತದಲ್ಲೇ ಪ್ರವೇಶ ಕೊಡಿ ಎಂದು 2008ರ ವರದಿಯಲ್ಲಿ ಅವರು ನೇರವಾಗಿ ಬರೆದರು. ಎರಡೂ ಸಲ ನಮ್ಮ ಮಾಜಿ ಮುಖ್ಯಮಂತ್ರಿಗಳೇ! ವರದಿ ಮಾತ್ರ ಹತ್ತು ವರ್ಷ ಸುಮ್ನೆ ಕೂತಿತ್ತು.

2018ರ ಜೂನ್‌ನಲ್ಲಿ ಜಾಹೀರಾತು ಬಂತು. ಕಂದಾಯ, ಕೃಷಿ, ಹೆದ್ದಾರಿ, ವಿಮಾನಯಾನ ಸೇರಿ 10 ಜಂಟಿ ಕಾರ್ಯದರ್ಶಿ ಹುದ್ದೆ. ಕನಿಷ್ಠ 40 ವರ್ಷ ವಯಸ್ಸು, 15 ವರ್ಷ ಅನುಭವ. ಮೂರು ವರ್ಷದ ಗುತ್ತಿಗೆ, ಹೆಚ್ಚೆಂದರೆ ಐದು. ಮೂಲ ವೇತನ 1,44,200 ರೂಪಾಯಿಯಿಂದ. ದೊಡ್ಡ ಕಂಪನಿಯಲ್ಲಿ ಅಷ್ಟು ಅನುಭವ ಇದ್ದವರಿಗೆ ಇದು ಎಷ್ಟೋ ಸಲ ಸಂಬಳ ಇಳಿಕೆಯೇ. ಆದರೂ 6,000ಕ್ಕೂ ಹೆಚ್ಚು ಅರ್ಜಿ ಬಂದವು. ಆಯ್ಕೆಯಾದವರು 9 ಜನ.

ಜಂಟಿ ಕಾರ್ಯದರ್ಶಿ ಎಂದರೆ ಏನು ಕೆಲಸ? ಸೆಕ್ಷನ್‌ನಲ್ಲಿ ಶುರುವಾದ ಫೈಲು ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಥವಾ ನಿರ್ದೇಶಕರ ಟಿಪ್ಪಣಿ ಹೊತ್ತು ಇವರ ಮುಂದೆ ಬರುತ್ತದೆ. ಹಣಕಾಸು, ಕಾನೂನು ಸಚಿವಾಲಯಗಳ ಒಪ್ಪಿಗೆ ಬೇಕಿದ್ದರೆ ಅಲ್ಲಿಗೊಂದು ಸುತ್ತು. ಕಂಪನಿಯಲ್ಲಿ ಒಂದು ಮೀಟಿಂಗ್‌ನಲ್ಲಿ ಮುಗಿಸಿ ಅಭ್ಯಾಸವಾದವರಿಗೆ ಮೊದಲ ಪೆಟ್ಟು ಇಲ್ಲೇ. ಐಎಎಸ್ ಅಧಿಕಾರಿಗೆ ಪಕ್ಕದ ಸಚಿವಾಲಯದಲ್ಲಿ ಬ್ಯಾಚ್‌ಮೇಟ್ ಸಿಗಬಹುದು, ಫೋನ್ ಮಾಡಿದರೆ ಕೆಲಸ ಸಾಗುತ್ತದೆ. ಹೊರಗಿನಿಂದ ಬಂದವರಿಗೆ ಯಾರಿದ್ದಾರೆ? ಮೂರು ವರ್ಷದಲ್ಲಿ ಈ ದಾರಿ ಕಲಿಯುವುದೇ ದೊಡ್ಡದು. ಗುತ್ತಿಗೆಯ ಅವಧಿ ತೀರಾ ಚಿಕ್ಕದಾಯಿತು ಎಂದೇ ನನಗೆ ಅನಿಸುತ್ತದೆ.

ಜಗಳ ಎದ್ದದ್ದು ಮೀಸಲಾತಿ ಮೇಲೆ. ಇರುವುದು ಒಂದೇ ಹುದ್ದೆಯಾದರೆ ಮೀಸಲಾತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತ್ತು. ಸರ್ಕಾರ ಇಲ್ಲಿನ ಪ್ರತಿ ಹುದ್ದೆಯನ್ನೂ ಒಂಟಿ ಹುದ್ದೆ ಎಂದೇ ಲೆಕ್ಕ ಹಾಕಿತು. ಹತ್ತನ್ನು ಒಟ್ಟಿಗೆ ಕರೆದು, ಬಿಡಿಬಿಡಿಯಾಗಿ ಎಣಿಸಿದರೆ ಯಾರಿಗಾದರೂ ಸಂಶಯ ಬರುತ್ತೆ ಅಲ್ವಾ?

2024ರ ಆಗಸ್ಟ್ 17ರಂದು ಯುಪಿಎಸ್‌ಸಿ ಮತ್ತೆ 45 ಹುದ್ದೆಗೆ ಅರ್ಜಿ ಕರೆಯಿತು. ಅಷ್ಟು ಹೊತ್ತಿಗೆ ಈ ದಾರಿಯಲ್ಲಿ 63 ಜನ ನೇಮಕವಾಗಿದ್ದರು. ವಿರೋಧ ಪಕ್ಷಗಳ ಜೊತೆ ಸರ್ಕಾರದ ಮಿತ್ರಪಕ್ಷಗಳೂ ಆಕ್ಷೇಪ ಎತ್ತಿದವು. ಆಗಸ್ಟ್ 20ಕ್ಕೆ ಸಚಿವ ಜಿತೇಂದ್ರ ಸಿಂಗ್ ಪತ್ರ ಬರೆದರು, ಸಾಮಾಜಿಕ ನ್ಯಾಯದ ಕಾರಣ ಕೊಟ್ಟು ಜಾಹೀರಾತು ವಾಪಸ್ ಪಡೆಯಲು ಹೇಳಿದರು. ಆ ಸಲ ಜಂಟಿ ಕಾರ್ಯದರ್ಶಿ ಹುದ್ದೆಗೆ ವಯೋಮಿತಿ 55. ಆಗಲೇ 54 ಆಗಿದ್ದವರ ಮಟ್ಟಿಗೆ ಅದೇ ಕೊನೇ ಅವಕಾಶವಾಗಿತ್ತು.