ಹಾಡು ನಂಬರ್ ಒನ್, ಲೆಕ್ಕದಲ್ಲಿ ಮಾತ್ರ ಸಾಲ: ರೂತ್ ಬ್ರೌನ್ ಕಥೆ

ಗಾಯಕರ ಒಪ್ಪಂದಗಳನ್ನು ಓದಿ ಸಲಹೆ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಸಹಿ ಹಾಕಿ ಆದ ಮೇಲೇ ಬರುತ್ತಾರೆ. 'ಹಾಡು ಎಲ್ಲ ಕಡೆ ಓಡ್ತಾ ಇದೆ, ದುಡ್ಡು ಯಾಕೆ ಬರ್ತಾ ಇಲ್ಲ?' ಎಂಬುದೇ ಅವರ ಮೊದಲ ಪ್ರಶ್ನೆ. ಆಗ ನಾನು ಅವರಿಗೆ ಒಬ್ಬ ಅಮೆರಿಕನ್ ಗಾಯಕಿಯ ಕಥೆ ಹೇಳುತ್ತೇನೆ. ಹೆಸರು ರೂತ್ ಬ್ರೌನ್. ಅಮೆರಿಕದ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಸಂಗೀತದ ಮೊದಲ ದೊಡ್ಡ ತಾರೆಗಳಲ್ಲಿ ಒಬ್ಬರು. 1950ರಲ್ಲಿ ಬಂದ ಅವರ ಒಂದು ಹಾಡು ಒಟ್ಟು 11 ವಾರ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು. 1960ರ ದಶಕದಲ್ಲಿ ಅದೇ ಗಾಯಕಿ ಬೇರೆಯವರ ಮನೆಗೆಲಸ ಮಾಡಿ, ಶಾಲಾ ಬಸ್ ಓಡಿಸಿ ಮಕ್ಕಳನ್ನು ಸಾಕುತ್ತಿದ್ದರು.

ರೂತ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾದ ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ. ಏಳು ಮಕ್ಕಳಲ್ಲಿ ಹಿರಿಯವಳು. ಅಪ್ಪ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದರು, ಭಾನುವಾರ ಚರ್ಚಿನಲ್ಲಿ ಹಾಡಿಸುತ್ತಿದ್ದರು. ದೇವರ ಹಾಡು ಬಿಟ್ಟು ಬೇರೆ ಹಾಡು ಅವರಿಗೆ ಸೇರುತ್ತಿರಲಿಲ್ಲ. ಮಗಳಿಗೆ ಸಾರಾ ವಾನ್, ಬಿಲ್ಲಿ ಹಾಲಿಡೇ ಅವರಂಥ ಜಾಝ್ ಗಾಯಕಿಯರ ಹಾಡು ಬೇಕಿತ್ತು. 1945ರಲ್ಲಿ ಟ್ರಂಪೆಟ್ ನುಡಿಸುವ ಜಿಮ್ಮಿ ಬ್ರೌನ್ ಜೊತೆ ಊರು ಬಿಟ್ಟು ಹೋದಳು.

ಮುಂದೆ ಲಕ್ಕಿ ಮಿಲಿಂಡರ್ ಅವರ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಅದೂ ಸುಮಾರು ಒಂದು ತಿಂಗಳಷ್ಟೇ. ವಾದ್ಯದವರಿಗೆ ಪುಕ್ಕಟೆಯಾಗಿ ಕುಡಿಯಲು ತಂದುಕೊಟ್ಟಳು ಎಂಬ ಕಾರಣಕ್ಕೆ ವಾಷಿಂಗ್ಟನ್‌ನಲ್ಲೇ ಕೆಲಸದಿಂದ ತೆಗೆದರು. ಊರಿಗೆ ಹೋಗಲೂ ಕೈಯಲ್ಲಿ ಕಾಸಿಲ್ಲ. ಆಗ ಕೈ ಹಿಡಿದವರು ಬ್ಲಾಂಚ್ ಕ್ಯಾಲೊವೇ, ಪ್ರಸಿದ್ಧ ಗಾಯಕ ಕ್ಯಾಬ್ ಕ್ಯಾಲೊವೇ ಅವರ ಅಕ್ಕ. ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ಕ್ಲಬ್‌ನಲ್ಲಿ ಹಾಡುವ ಅವಕಾಶ ಕೊಡಿಸಿ, ತಾವೇ ಮ್ಯಾನೇಜರ್ ಆದರು. ಅಲ್ಲಿ ಹಾಡು ಕೇಳಿದ ರೇಡಿಯೋ ನಿರೂಪಕ ವಿಲ್ಲಿಸ್ ಕೊನೊವರ್, ನ್ಯೂಯಾರ್ಕಿನ ಹೊಸ ಕಂಪನಿ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ವಿಷಯ ಮುಟ್ಟಿಸಿದರು.

1948ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಹೊರಟ ಕಾರು ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ ಅಪಘಾತಕ್ಕೀಡಾಯಿತು. ಎರಡೂ ಕಾಲಿಗೆ ಪೆಟ್ಟು. ತಿಂಗಳುಗಟ್ಟಲೆ ಆಸ್ಪತ್ರೆ. ಅಟ್ಲಾಂಟಿಕ್ ಜೊತೆಗಿನ ಒಪ್ಪಂದಕ್ಕೆ ರೂತ್ ಸಹಿ ಹಾಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲೇ. ಕಂಪನಿಯ ಅಹ್ಮೆತ್ ಎರ್ಟೆಗುನ್ ಅವರಿಗೆ ಆ ದನಿಯ ಮೇಲೆ ನಿಜವಾದ ಅಭಿಮಾನವಿತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಪ್ಪಂದ ಓದುವವಳಾಗಿ ನನ್ನ ಕಣ್ಣು ಹೋಗುವುದು ಆ ಹಾಸಿಗೆಯ ಕಡೆಗೇ. ನಡೆಯಲೂ ಆಗದ, ಇಪ್ಪತ್ತರ ಆಸುಪಾಸಿನ ಹುಡುಗಿ. ಅಂಥ ಹೊತ್ತಿನಲ್ಲಿ ಯಾರು ತಾನೇ ಚೌಕಾಸಿ ಮಾಡುತ್ತಾರೆ?

1949ರ ಮೇ ತಿಂಗಳಲ್ಲಿ ಊರುಗೋಲು ಹಿಡಿದೇ ಬಂದು 'ಸೋ ಲಾಂಗ್' ಹಾಡಿದರು. ಅದು ಗೆದ್ದಿತು. ಅದೇ ವರ್ಷ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತದ ಪಟ್ಟಿಗೆ ಇದ್ದ 'ರೇಸ್ ರೆಕಾರ್ಡ್ಸ್' ಎಂಬ ಹಳೆಯ ಹೆಸರು ತೆಗೆದು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಿಸಿತ್ತು. ಆ ಹೊಸ ಪಟ್ಟಿಯನ್ನು ರೂತ್ ಆಳಿದರು ಎಂದರೆ ತಪ್ಪಿಲ್ಲ. 1950ರ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್', 1952ರ '5-10-15 ಅವರ್ಸ್', 1953ರ 'ಮಾಮಾ, ಹಿ ಟ್ರೀಟ್ಸ್ ಯುವರ್ ಡಾಟರ್ ಮೀನ್', 1954ರಲ್ಲಿ ಮತ್ತೆ ಎರಡು, ಎಲ್ಲವೂ ಒಂದನೇ ಸ್ಥಾನ. ಅಟ್ಲಾಂಟಿಕ್ ಕಂಪನಿಯನ್ನೇ ಜನ 'ರೂತ್ ಕಟ್ಟಿದ ಮನೆ' ಎಂದು ಕರೆದರು. ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಹೆಸರಲ್ಲಿ ಒಂದು ಕ್ರೀಡಾಂಗಣಕ್ಕೆ ಇದ್ದ ಬಿರುದು ಅದು, ಈ ರೂತ್‌ಗೂ ಸರಿಯಾಗಿ ಹೊಂದಿತು.

'ಮಾಮಾ' ಹಾಡನ್ನು ಒಮ್ಮೆ ಕೇಳಿ ನೋಡಿ. ತಂಬೂರಿನ್ ಝಲ್ ಝಲ್ ಎನ್ನುತ್ತಾ ಶುರುವಾಗುತ್ತದೆ. ರೂತ್ ದನಿ ಮೊದಲು ಎದೆಯಿಂದ, ಗಟ್ಟಿಯಾಗಿ ಬರುತ್ತದೆ. ಸಾಲಿನ ಕೊನೆಗೆ ಬಂದಾಗ ಒಂದು ಅಕ್ಷರದ ತುದಿಯಲ್ಲಿ ದನಿ ತಟ್ಟನೆ ಒಡೆದು ಮೇಲಕ್ಕೆ ಚಿಮ್ಮುತ್ತದೆ, ಚಿಕ್ಕದೊಂದು ಕೀಚಲು. ಪ್ರೀತಿಸಿದವನು ಕಾಡುತ್ತಾನೆ ಎಂದು ಅಮ್ಮನ ಹತ್ತಿರ ದೂರುವ ಹಾಡು ಅದು. ಆದರೆ ಆ ಕೀಚಲಿನಲ್ಲಿ ಅಳುವಿಗಿಂತ ತುಂಟತನವೇ ಜಾಸ್ತಿ. ಆ ಒಂದು ಕೀಚಲು ಕೇಳಿದರೆ ಸಾಕು, ಹಾಡಿದ್ದು ಯಾರು ಅಂತ ಗೊತ್ತಾಗಿಬಿಡುತ್ತದೆ.

ಅದು ರೂತ್ ಅವರದೇ ಸೊತ್ತು, ಅಲ್ವಾ? ಕಾನೂನಿನ ಪ್ರಕಾರ ಅಲ್ಲ. ಅಮೆರಿಕದಲ್ಲಿ ರೇಡಿಯೋ ಹಾಡು ಹಾಕಿದರೆ ಬರೆದವರಿಗೆ, ರಾಗ ಹಾಕಿದವರಿಗೆ ದುಡ್ಡು ಸಿಗುತ್ತಿತ್ತು. ಹಾಡಿದವರಿಗೆ ಏನೂ ಇಲ್ಲ. ಹಾಡಿನ ಧ್ವನಿಮುದ್ರಣಕ್ಕೆ ಅಲ್ಲಿ ರಾಷ್ಟ್ರಮಟ್ಟದ ಹಕ್ಕುಸ್ವಾಮ್ಯ ಬಂದಿದ್ದೇ 1972ರಲ್ಲಿ. ಬಿಳಿಯ ಗಾಯಕಿಯರು ಅದೇ ಹಾಡನ್ನು ಬೇಗ ಬೇಗ ಹಾಡಿ ದೊಡ್ಡ ಮಾರುಕಟ್ಟೆಗೆ ಬಿಡುತ್ತಿದ್ದರು. ರೂತ್ ಹಾಡಿದ 'ಓ ವಾಟ್ ಎ ಡ್ರೀಮ್' ಅನ್ನು ಪ್ಯಾಟಿ ಪೇಜ್, 'ಮ್ಯಾಂಬೊ ಬೇಬಿ'ಯನ್ನು ಜಾರ್ಜಿಯಾ ಗಿಬ್ಸ್ ಹಾಡಿದರು. ಹಾಡಿದ ಧಾಟಿಗೆ ಹಕ್ಕು ಕೇಳಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ದಕ್ಷಿಣದ ಊರುಗಳಲ್ಲಿ ಕಾರ್ಯಕ್ರಮಕ್ಕೆ ಹೋದರೆ ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ, ನಡುವೆ ಹಗ್ಗ.

ಹಾಗಾದರೆ ರೆಕಾರ್ಡ್ ಮಾರಾಟದ ರಾಯಲ್ಟಿ, ಅಂದರೆ ಮಾರಿದ ಪ್ರತಿ ರೆಕಾರ್ಡಿನಲ್ಲೂ ಗಾಯಕಿಗೆ ಸಲ್ಲುವ ಪಾಲು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಮೇಜಿಗೆ ಬರುವ ಜಗಳಗಳಲ್ಲಿ ಮುಕ್ಕಾಲು ಪಾಲಿಗೆ ಇದೇ ಬೇರು.

ಕಂಪನಿ ಗಾಯಕಿಗೆ ಮುಂಗಡ ಕೊಡುತ್ತದೆ. ಸ್ಟುಡಿಯೋ ಬಾಡಿಗೆ, ವಾದ್ಯದವರ ಕೂಲಿ, ಎಲ್ಲವನ್ನೂ ತಾನೇ ಕಟ್ಟುತ್ತದೆ. ನೋಡಲು ಉಪಕಾರದ ಹಾಗಿರುತ್ತದೆ. ಆದರೆ ಒಪ್ಪಂದದಲ್ಲಿ ಒಂದು ಸಾಲು ಇರುತ್ತದೆ: ಈ ಖರ್ಚೆಲ್ಲ ಗಾಯಕಿಯ ರಾಯಲ್ಟಿಯಿಂದಲೇ ವಸೂಲಾಗಬೇಕು. ಲೆಕ್ಕಕ್ಕೆ ಒಂದು ಉದಾಹರಣೆ ಮಾಡಿಕೊಳ್ಳೋಣ. ರೆಕಾರ್ಡಿಂಗ್ ಖರ್ಚು 1 ಲಕ್ಷ ರೂಪಾಯಿ. ರೆಕಾರ್ಡ್ ಬೆಲೆ 10 ರೂಪಾಯಿ, ರಾಯಲ್ಟಿ ಶೇ 5. ಅಂದರೆ ಒಂದಕ್ಕೆ 50 ಪೈಸೆ. ಹಳೆಯ ಅರಗಿನ ರೆಕಾರ್ಡುಗಳು ಸಾಗಿಸುವಾಗ ಒಡೆಯುತ್ತಿದ್ದವು ಅಂತ ಶೇ 10 ಕಡಿತ. ಉಳಿದದ್ದು 45 ಪೈಸೆ. 2 ಲಕ್ಷ ರೆಕಾರ್ಡ್ ಮಾರಿದವು ಅನ್ನಿ. ಮಾರುಕಟ್ಟೆಯಿಂದ ಬಂದ ಹಣ 20 ಲಕ್ಷ. ಗಾಯಕಿಯ ಲೆಕ್ಕಕ್ಕೆ ಬಿದ್ದದ್ದು 90 ಸಾವಿರ. ಅಂದರೆ ಇನ್ನೂ 10 ಸಾವಿರ ಅವಳೇ ಬಾಕಿ! ಅಷ್ಟರಲ್ಲಿ ಮುಂದಿನ ಹಾಡಿನ ಖರ್ಚೂ ಅದೇ ಪುಸ್ತಕಕ್ಕೆ ಸೇರುತ್ತದೆ. ಒಡೆಯದ ಪ್ಲಾಸ್ಟಿಕ್ ರೆಕಾರ್ಡ್ ಬಂದ ಮೇಲೂ ಎಷ್ಟೋ ಒಪ್ಪಂದಗಳಲ್ಲಿ ಒಡೆದದ್ದರ ಕಡಿತ ಹಾಗೇ ಉಳಿಯಿತು. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

1961ರಲ್ಲಿ ರೂತ್ ಅಟ್ಲಾಂಟಿಕ್ ಬಿಟ್ಟರು. ರಾಕ್ ಅಂಡ್ ರೋಲ್ ಅಲೆಯಲ್ಲಿ ಅವಕಾಶ ಕಡಿಮೆಯಾಯಿತು. ಲಾಂಗ್ ಐಲೆಂಡ್‌ನಲ್ಲಿ ಮಕ್ಕಳ ಜೊತೆ ಸಾಮಾನ್ಯ ಬದುಕು. ಹಾಡುಗಳು ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತಿದ್ದವು, ಚೆಕ್ ಮಾತ್ರ ಬರಲಿಲ್ಲ. 1970ರ ದಶಕದ ಮಧ್ಯದಲ್ಲಿ ಹಾಸ್ಯನಟ ರೆಡ್ ಫಾಕ್ಸ್ ನೆರವಿನಿಂದ ಮತ್ತೆ ವೇದಿಕೆಗೆ ಬಂದರು.

1980ರ ದಶಕದಲ್ಲಿ ಹಾವೆಲ್ ಬೆಗಲ್ ಎಂಬ ವಾಷಿಂಗ್ಟನ್ ವಕೀಲ ಅವರನ್ನು ಭೇಟಿಯಾದರು. ಚಿಕ್ಕಂದಿನಿಂದ ರೂತ್ ಅಭಿಮಾನಿ. ಈ ರೆಕಾರ್ಡುಗಳಿಂದ ರೂತ್‌ಗೆ ಬಿಡಿಗಾಸೂ ಬರುತ್ತಿಲ್ಲ ಎಂದು ಗೊತ್ತಾದಾಗ ನಂಬಲಾಗಲಿಲ್ಲ. ಶುರುವಾಯಿತು ಹೋರಾಟ. ಕಂಪನಿಯ ಪುಸ್ತಕದಲ್ಲಿ ರೂತ್ ಇನ್ನೂ ಸಾಲಗಾರ್ತಿ. ಸಹಿ ಮಾಡಿದ ಒಪ್ಪಂದ ಎದುರಿಗಿದೆ, ವರ್ಷಗಳು ಕಳೆದುಹೋಗಿವೆ. ಕೋರ್ಟಿನ ದಾರಿ ಕಷ್ಟ ಅಂತ ಯಾವ ವಕೀಲನಿಗಾದರೂ ಗೊತ್ತಾಗುತ್ತದೆ. ಹಾಗಾಗಿ ರೂತ್ ಸಂದರ್ಶನ ಸಿಕ್ಕಲ್ಲೆಲ್ಲ ಲೆಕ್ಕದ ಮಾತೆತ್ತಿದರು, ತನ್ನೊಬ್ಬಳ ಲೆಕ್ಕವಲ್ಲ, ತನ್ನ ಕಾಲದ ಎಲ್ಲರದ್ದು. ಕೊನೆಗೆ ಅಟ್ಲಾಂಟಿಕ್ ಮಣಿಯಿತು. ರೂತ್ ಮತ್ತು ಆ ಕಾಲದ ಇತರ ಕಲಾವಿದರ ಹಳೆಯ ಬಾಕಿ ಮನ್ನಾ ಮಾಡಿತು, ಹಿಂದಿನ ಸುಮಾರು 20 ವರ್ಷಗಳ ರಾಯಲ್ಟಿ ಕೊಡಲು ಒಪ್ಪಿತು. 1988ರಲ್ಲಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿತು. ಕಾಯಿಲೆ ಬಿದ್ದ, ಕೈ ಖಾಲಿಯಾದ ಹಳೆಯ ಕಲಾವಿದರಿಗೆ ನೆರವಾಗಲು ಕಟ್ಟಿದ ಸಂಸ್ಥೆ ಅದು. ಅದರ ಆರಂಭದ ಹಣವೂ ಅಟ್ಲಾಂಟಿಕ್‌ನಿಂದಲೇ ಬಂತು.

ಆಮೇಲೆ ಪ್ರಶಸ್ತಿಗಳೂ ಬಂದವು. 1989ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಸಂಗೀತ ಪ್ರದರ್ಶನ 'ಬ್ಲ್ಯಾಕ್ ಅಂಡ್ ಬ್ಲೂ'ಗೆ ಟೋನಿ ರಂಗ ಪ್ರಶಸ್ತಿ, ಹಿಂದೆಯೇ ಗ್ರಾಮಿ ಸಂಗೀತ ಪ್ರಶಸ್ತಿ, 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಯಲ್ಲಿ ಹೆಸರು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಆ ಬಾಕಿ ಮನ್ನಾ. ಪ್ರಶಸ್ತಿ ಒಬ್ಬರ ಮನೆಗೆ ಹೋಗುತ್ತದೆ, ಆ ಮನ್ನಾ ಹಲವರ ಮನೆಗೆ ಹೋಯಿತು.

ನಮ್ಮಲ್ಲಿ ಕಾನೂನು ಈಗ ಗಾಯಕರಿಗೆ ಹೆಚ್ಚು ಆಸರೆಯಾಗಿದೆ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ಗಾಯಕರಿಗೆ ರಾಯಲ್ಟಿ ಸಲ್ಲಬೇಕು. ಅದನ್ನು ವಸೂಲು ಮಾಡಲು ಗಾಯಕರದೇ ಸಂಘವೂ ಇದೆ. ಆದರೂ ಒಪ್ಪಂದ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ರಾಯಲ್ಟಿ ಶೇಕಡಾ ಎಷ್ಟು ಅನ್ನುವುದನ್ನಲ್ಲ. ಯಾವ ಯಾವ ಖರ್ಚು ಗಾಯಕರ ತಲೆಗೆ ಬೀಳುತ್ತದೆ, ಒಂದು ಹಾಡಿನ ಬಾಕಿಯನ್ನು ಇನ್ನೊಂದರಿಂದ ಮುರಿದುಕೊಳ್ಳಬಹುದಾ, ಲೆಕ್ಕದ ಪುಸ್ತಕ ತೆಗೆಸಿ ನೋಡುವ ಹಕ್ಕು ಇದೆಯಾ. ಈ ಮೂರನೆಯದು ಇಲ್ಲದಿದ್ದರೆ ಸಹಿ ಬೇಡ ಎನ್ನುತ್ತೇನೆ. ಕಂಪನಿಯವರು 'ಇದು ಸುಮ್ನೆ ಫಾರ್ಮ್ಯಾಲಿಟಿ' ಅಂದರೂ ಬೇಡ.

ರೂತ್ ಬ್ರೌನ್ 2006ರ ನವೆಂಬರ್ 17ರಂದು ತೀರಿಕೊಂಡರು. ಅಮೆರಿಕದಲ್ಲಿ 2018ರಲ್ಲಿ ಬಂದ ಹೊಸ ಕಾನೂನು 1972ಕ್ಕೆ ಹಿಂದಿನ ಹಾಡುಗಳಿಗೂ ಡಿಜಿಟಲ್ ರೇಡಿಯೋದ ರಾಯಲ್ಟಿ ಕೊಡಿಸಿತು: ಅರ್ಧ ರೆಕಾರ್ಡಿಂಗ್‌ನ ಒಡೆಯರಿಗೆ, ಶೇ 45 ಮುಖ್ಯ ಕಲಾವಿದರಿಗೆ, ಶೇ 5 ಜೊತೆಯಲ್ಲಿ ನುಡಿಸಿ ಹಾಡಿದವರಿಗೆ. ಮಾಮೂಲಿ ರೇಡಿಯೋ ಕೇಂದ್ರಗಳು 'ಟಿಯರ್‌ಡ್ರಾಪ್ಸ್' ಹಾಕಿದರೆ ಮಾತ್ರ ಆ ದನಿಗೆ ಇನ್ನೂ ಏನೂ ಕೊಡಬೇಕಾಗಿಲ್ಲ. ಅದನ್ನು ಬದಲಿಸುವ ಮಸೂದೆ ಅಲ್ಲಿನ ಸಂಸತ್ತಿಗೆ ಹಲವು ಬಾರಿ ಬಂದಿದೆ. ಗಾಯಕರು ಅದಕ್ಕಾಗಿ ಇನ್ನೂ ಓಡಾಡುತ್ತಿದ್ದಾರೆ.