ಹದಿನೈದು ವರ್ಷ ನಿಂತ ಬೋಟ್ ಇಂಜಿನ್‌ಗೆ ಬ್ಯಾಟರಿ ಕೊಟ್ಟು ನೋಡಬಹುದೇ?

ಪ್ರಶ್ನೆ: 1950ರ ದಶಕದ ಮರದ ಮೋಟಾರ್‌ಬೋಟ್ ಒಂದು ಕೈಗೆ ಬಂದಿದೆ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಬೋಟಿನ ಒಳಗೇ, ನಡುಭಾಗದಲ್ಲಿ ಕೂತಿದೆ. ಹದಿನೈದು ವರ್ಷದಿಂದ ಸ್ಟಾರ್ಟ್ ಮಾಡಿಲ್ಲವಂತೆ. ‘ನಿಲ್ಲಿಸಿದಾಗ ಚೆನ್ನಾಗೇ ಓಡುತ್ತಿತ್ತು’ ಅನ್ನುತ್ತಾರೆ ಮಾರಿದವರು. ಹೊಸ ಬ್ಯಾಟರಿ, ಹೊಸ ಪ್ಲಗ್, ಒಂದಿಷ್ಟು ಪೆಟ್ರೋಲ್ ಹಾಕಿ ಒಮ್ಮೆ ಸೆಲ್ಫ್ ಹೊಡೆದು ನೋಡಬಹುದೇ?

ಉತ್ತರ: ದಯವಿಟ್ಟು ಬೇಡ. ಅದೃಷ್ಟವಿದ್ದರೆ ಸ್ಟಾರ್ಟ್ ಆಗಿಯೂ ಬಿಡಬಹುದು. ಆಗದಿದ್ದರೆ ಮಾತ್ರ ಮುರಿಯುವುದು ಪಿಸ್ಟನ್, ವಾಲ್ವ್, ಕನೆಕ್ಟಿಂಗ್ ರಾಡ್‌ನಂಥ ಭಾಗಗಳು. ಅರವತ್ತು ಎಪ್ಪತ್ತು ವರ್ಷದ ಇಂಜಿನ್‌ಗೆ ಅವನ್ನು ಹುಡುಕುವುದರಲ್ಲೇ ಕಾಲ ಕಳೆಯುತ್ತದೆ. ಮಾರಿದವರು ಸುಳ್ಳು ಹೇಳಿರಬೇಕೆಂದೇನೂ ಇಲ್ಲ. ಬೋಟಿನ ಇಂಜಿನ್ ಓಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು, ಹಾಳು ಮಾಡುವುದು ನೀರು. ಅದಕ್ಕೇ ಇಂಥ ಇಂಜಿನ್ ಮುಂದೆ ಕೂತಾಗ ಮೊದಲು ನೀರಿನ ದಾರಿ ನೋಡಬೇಕು. ಕಿಡಿ, ಪೆಟ್ರೋಲು ಆಮೇಲಿನ ಮಾತು.

ಕಾರಿನ ಇಂಜಿನ್ ಬಿಚ್ಚಿ ಕಟ್ಟಿ ಪಳಗಿದವರೂ ಇಲ್ಲಿ ಎಡವುತ್ತಾರೆ. ನೋಡಲು ಎರಡೂ ಒಂದೇ ಥರ, ಎಷ್ಟೋ ಸಲ ಒಂದೇ ಕೂಡ. ಅಮೆರಿಕದ ಬೋಟ್ ಕಂಪನಿ ಕ್ರಿಸ್‌ಕ್ರಾಫ್ಟ್‌ನ ‘ಕೆ’ ಮಾದರಿಯ ಆರು ಸಿಲಿಂಡರಿನ ಇಂಜಿನ್‌ನ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಮುಖ್ಯ ಭಾಗ) ಹರ್ಕ್ಯುಲೀಸ್ ಎಂಬ ಇಂಜಿನ್ ಕಂಪನಿಯದು. ಕ್ರೈಸ್ಲರ್ ಕಂಪನಿಯ ಬೋಟ್ ಇಂಜಿನ್ ‘ಕ್ರೌನ್’ ಕೂಡ ನೆಲದ ಮೇಲೆ ಓಡುತ್ತಿದ್ದ ಫ್ಲಾಟ್‌ಹೆಡ್ (ವಾಲ್ವುಗಳು ಮೇಲಿನ ಹೆಡ್‌ನಲ್ಲಿರದೆ ಬ್ಲಾಕಿನಲ್ಲೇ ಇರುವ) ಇಂಜಿನ್‌ನ ಸಂಬಂಧಿಯೇ. ಬೇರೆಯಾಗುವುದು ತಂಪು ಮಾಡುವ ವ್ಯವಸ್ಥೆಯಲ್ಲಿ. ರೇಡಿಯೇಟರ್ ಇಲ್ಲ. ಬೋಟಿನ ತಳದ ತೂತಿನಿಂದ ಕೆರೆಯದೋ ಸಮುದ್ರದ್ದೋ ನೀರನ್ನು ಪಂಪು ಎಳೆದು ಬ್ಲಾಕಿಗೆ ನೂಕುತ್ತದೆ. ಅದೇ ನೀರು, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಎರಡು ಗೋಡೆಗಳ ನಡುವೆ ಹರಿದು, ಕೊನೆಗೆ ಹೊಗೆಯ ಜೊತೆ ಸೇರಿ ಹಿಂದಿನ ಪೈಪಿನಿಂದ ಹೊರಬೀಳುತ್ತದೆ. ಮರದ ಬೋಟಿನೊಳಗೆ ಕೆಂಪಗೆ ಕಾದ ಮ್ಯಾನಿಫೋಲ್ಡ್ ಇರಬಾರದಲ್ಲ, ಅದಕ್ಕೇ ಈ ಏರ್ಪಾಡು. ಅಂದರೆ ನೀರಿಗೂ ಸಿಲಿಂಡರಿಗೂ ನಡುವೆ ಇರುವುದು ಬೀಡುಕಬ್ಬಿಣದ ಒಂದು ಗೋಡೆ ಮಾತ್ರ, ಅದೂ ದಶಕಗಟ್ಟಲೆ ತುಕ್ಕು ತಿಂದದ್ದು.

ಆ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು ಬಿತ್ತು ಅಂದುಕೊಳ್ಳಿ. ಇಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಆರರಲ್ಲಿ ಒಂದಾದರೂ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ಒಸರಿದ ನೀರು ನೇರ ಅಲ್ಲಿಗೆ ಇಳಿಯುತ್ತದೆ. ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ಅಂಟಿ ತುಕ್ಕು ಹಿಡಿಯುತ್ತದೆ, ವಾಲ್ವಿನ ಕಡ್ಡಿ ತಾನು ಜಾರಾಡುವ ಕೊಳವೆಯೊಳಗೆ, ಅಂದರೆ ಗೈಡಿನೊಳಗೆ, ಸಿಕ್ಕಿಕೊಳ್ಳುತ್ತದೆ. ಬಹಳಷ್ಟು ‘ಜಾಮ್ ಆದ’ ಇಂಜಿನ್‌ಗಳಲ್ಲಿ ಹಿಡಿದಿರುವುದು ಹೀಗೆ ಒಂದೋ ಎರಡೋ ಸಿಲಿಂಡರ್, ಉಳಿದವು ಸುಸ್ಥಿತಿಯಲ್ಲೇ ಇರುತ್ತವೆ. ಈಗ ಸೆಲ್ಫ್ ಹೊಡೆದರೆ ಏನಾಗುತ್ತದೆ ನೋಡಿ: ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಮೇಲೆ ಬರುವಾಗ ಆ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಅಂಟಿದ ರಿಂಗು ತುಂಡಾಗಿ ಸಿಲಿಂಡರಿನ ಒಳಗೋಡೆಯಲ್ಲಿ (ಬೋರಿನಲ್ಲಿ) ಗೀರು ಹಾಕುತ್ತದೆ.

ಶುರು ಮಾಡಬೇಕಾದದ್ದು ಎಣ್ಣೆಯಿಂದ. ಬೋಟಿನೊಳಗೆ ಕೂತ ಇಂಜಿನ್‌ನ ಡ್ರೈನ್ ಬೋಲ್ಟಿಗೆ ಕೈ ಹೋಗುವುದೇ ಕಷ್ಟ, ಹಾಗಾಗಿ ಎಣ್ಣೆ ಅಳೆಯುವ ಕಡ್ಡಿಯ ತೂತಿನಿಂದ ಸಣ್ಣ ನಳಿಕೆ ಇಳಿಬಿಟ್ಟು ಕೈಪಂಪಿನಿಂದ ಎಳೆಯುವುದೇ ರೂಢಿ. ನಳಿಕೆ ತಳ ಮುಟ್ಟಲಿ, ನಿಧಾನಕ್ಕೆ ಎಳೆಯಿರಿ, ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಅದು ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಬರೀ ಕಪ್ಪು ಎಣ್ಣೆ ಬಂದರೆ ನೆಮ್ಮದಿಯ ನಿಟ್ಟುಸಿರು ಬಿಡಿ. ಮೊದಲ ಒಂದೆರಡು ಚಮಚ ತುಕ್ಕುಬಣ್ಣದ ನೀರಾದರೆ ತೇವ ಸೇರಿರಬಹುದು, ಸುಧಾರಿಸಬಹುದು. ಲೀಟರುಗಟ್ಟಲೆ ಬಂತೆಂದರೆ ಬ್ಲಾಕಾದರೂ ಒಡೆದಿದೆ, ಇಲ್ಲವೇ ಬೋಟು ಎಂದೋ ಒಮ್ಮೆ ತಳದಲ್ಲಿ ನೀರು ತುಂಬಿಕೊಂಡು ನಿಂತಿತ್ತು. ಮಾರಿದವರನ್ನು ಇನ್ನೊಮ್ಮೆ ವಿಚಾರಿಸಲು ಇದೇ ಸಮಯ.

ಆಮೇಲೆ ಆರೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಡಿ. ಐದು ಮಸಿ ಹಿಡಿದು ಒಂದು ಮಾತ್ರ ಕೆಂಪಗೆ ತುಕ್ಕು ಹಿಡಿದಿದ್ದರೆ ನೀರು ಇಳಿದ ಜಾಗ ಸಿಕ್ಕಂತೆ. ಪ್ಲಗ್ ತೂತಿನಿಂದ ಇಳಿಬಿಡುವ ಸಣ್ಣ ಕ್ಯಾಮೆರಾ ಈಗ ಸುಲಭವಾಗಿ ಸಿಗುತ್ತದೆ, ಇದ್ದರೆ ಒಳಗಿನ ಗೋಡೆ ನೋಡಿಬಿಡಿ.

ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯನ್ನು ಸಮಸಮ ಬೆರೆಸಿದ ದ್ರಾವಣ ಹಳೆಯ ಇಂಜಿನ್ ಕೆಲಸದವರ ಅಚ್ಚುಮೆಚ್ಚು, ಕೆಲಸವೂ ಮಾಡುತ್ತದೆ. ಅಸಿಟೋನ್ ಬೇಗ ಬೆಂಕಿ ಹತ್ತುವ ವಸ್ತು ಎಂಬುದು ನೆನಪಿರಲಿ, ಬೋಟಿನ ಮುಚ್ಚಳ ತೆರೆದೇ ಇರಲಿ. ಹಾಕಿ, ಬಿಟ್ಟು, ಮತ್ತೆ ಹಾಕುತ್ತ ಕೆಲವು ದಿನ ಕಾಯಿರಿ. ಈ ಕಾಯುವಿಕೆಗೆ ಅಡ್ಡದಾರಿ ಇಲ್ಲ. ಉದ್ದ ಪೈಪು ಸಿಕ್ಕಿಸಿ ಸ್ಪ್ಯಾನರ್ ಮೇಲೆ ನಿಂತು ಜಗ್ಗುವವರನ್ನು ಇಂಜಿನ್ ಹತ್ತಿರ ಬಿಡಬೇಡಿ. ಕ್ರ್ಯಾಂಕ್‌ಶಾಫ್ಟಿನ ತುದಿಯ ನಟ್ಟಿಗೋ ಫ್ಲೈವೀಲಿನ ಹಲ್ಲಿಗೋ ಸಾಧನ ಹಿಡಿದು, ಒಂದು ಕೈಯ ಬಲದಲ್ಲಿ, ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಬೇಕು. ಮೊದಲು ಏನೂ ಆಗದು. ಒಂದು ದಿನ ಕೂದಲೆಳೆಯಷ್ಟು ಅಲ್ಲಾಡಿದ್ದು ಕೈಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಒತ್ತಾಯಿಸದೆ, ಎಣ್ಣೆ ಹಾಕುತ್ತ, ಅಲ್ಲಾಡುವ ಜಾಗವನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸುತ್ತ ಹೋಗಬೇಕು.

ಪೂರ್ತಿ ಸುತ್ತು ತಿರುಗಿಸುವ ಮೊದಲು ಎರಡು ಎಚ್ಚರಿಕೆ. ಒಂದು, ಇಂಜಿನ್ ಯಾವ ಕಡೆ ತಿರುಗುವಂಥದ್ದು ಎಂದು ಖಚಿತ ಮಾಡಿಕೊಳ್ಳಿ. ಅವಳಿ ಇಂಜಿನ್ ಬೋಟುಗಳಿಗಾಗಿ ಎಡಕ್ಕೆ ತಿರುಗುವ ಮತ್ತು ಬಲಕ್ಕೆ ತಿರುಗುವ ಎರಡು ಬಗೆಯೂ ತಯಾರಾಗುತ್ತಿದ್ದವು. ಸ್ಟಾರ್ಟರ್, ಫೈರಿಂಗ್ ಆರ್ಡರ್ ಎಲ್ಲವೂ ಅದಕ್ಕೆ ತಕ್ಕಂತೆ ಬದಲು. ಇನ್ನೊಂದು, ಫ್ಲಾಟ್‌ಹೆಡ್ ಆದರೆ ಬ್ಲಾಕಿನ ಪಕ್ಕದ ಟ್ಯಾಪೆಟ್ (ವಾಲ್ವನ್ನು ಕೆಳಗಿನಿಂದ ಎತ್ತುವ ಭಾಗ) ಕವರ್ ಬಿಚ್ಚಿ ವಾಲ್ವುಗಳನ್ನು ನೋಡಿ. ನಿಧಾನವಾಗಿ ತಿರುಗಿಸುವಾಗ ಒಂದು ವಾಲ್ವು ಮೇಲೆ ಹೋದದ್ದು ಕೆಳಗೆ ಬರದೆ ಅಲ್ಲೇ ನಿಂತರೆ, ಟ್ಯಾಪೆಟ್ ಮತ್ತು ಕಡ್ಡಿಯ ನಡುವೆ ದೊಡ್ಡ ಸಂದು ಕಾಣುತ್ತದೆ. ಗೈಡಿಗೆ ಅದೇ ಎಣ್ಣೆ ಬಿಟ್ಟು, ಮೆಲ್ಲಗೆ ಕೆಳಗಿಳಿಸಿ, ಮತ್ತೆ ಎತ್ತಿಸಿ, ಸಲೀಸಾಗುವವರೆಗೆ ಇದೇ ಕೆಲಸ. ಬೇಸರದ ಕೆಲಸ ನಿಜ, ಆದರೆ ಹೆಡ್ ಬಿಚ್ಚುವುದು ತಪ್ಪಿದರೆ ಅದಕ್ಕಿಂತ ಲಾಭ ಇನ್ನೊಂದಿಲ್ಲ. ತುಕ್ಕು ಹಿಡಿದ ಹೆಡ್ ಸ್ಟಡ್ಡುಗಳು ಬ್ಲಾಕಿನೊಳಗೇ ತುಂಡಾಗುವುದರಲ್ಲಿ ಪ್ರಸಿದ್ಧ.

ಇಂಜಿನ್ ಸಲೀಸಾಗಿ ತಿರುಗಿದ ಮೇಲೆ, ಹೊಸ ಎಣ್ಣೆ ಹಾಕಿ, ಪ್ಲಗ್ ತೂತು ತೆರೆದೇ ಇಟ್ಟು ಸೆಲ್ಫ್‌ನಿಂದ ಸ್ವಲ್ಪ ತಿರುಗಿಸಿ, ಗೇಜಿನಲ್ಲಿ ಎಣ್ಣೆಯ ಒತ್ತಡ ಏಳುವುದನ್ನು ನೋಡಿ, ಆಮೇಲೆ ಕಂಪ್ರೆಶನ್ (ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಕುಗ್ಗಿಸಿದಾಗ ಏಳುವ ಒತ್ತಡ) ಅಳೆಯಿರಿ. ಈ ಕಾಲದ ಫ್ಲಾಟ್‌ಹೆಡ್‌ಗಳ ಕಂಪ್ರೆಶನ್ ಅನುಪಾತವೇ ಕಡಿಮೆ, ಹೆಚ್ಚುಕಡಿಮೆ 7ಕ್ಕೆ 1. 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸು ಬಂದರೆ ಹಿಗ್ಗಬಹುದು. ಅಂಕಿಗಿಂತಲೂ ಆರು ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಒಂದು ತೀರಾ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ನಿಂತ ಇಂಜಿನ್‌ನ ಮೊದಲ ಅಳತೆ ನೋಡಿ ಎದೆಗುಂದಬೇಕಿಲ್ಲ, ಒಂದಷ್ಟು ಹೊತ್ತು ಓಡಿದ ಮೇಲೆ ರಿಂಗು ಸಡಿಲಾಗಿ ಚೇತರಿಸಿಕೊಳ್ಳುವುದೂ ಉಂಟು.

ಇಷ್ಟಾದರೂ ಪೆಟ್ರೋಲ್ ಮುಟ್ಟಬೇಡಿ. ಮ್ಯಾನಿಫೋಲ್ಡ್ ಬಿಚ್ಚಿ, ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ತಗಡಿನಿಂದ ಮುಚ್ಚಿ, ಒಂದು ತೂತಿನಿಂದ 15 ಪಿಎಸ್‌ಐ ಗಾಳಿ ಕೊಟ್ಟು, ಸೋಪುನೀರು ಬಳಿದು ನೋಡಿ. ಗುಳ್ಳೆ ಬಂದಲ್ಲಿ ತೂತು. ಹೊರಗೆ ಗುಳ್ಳೆ ಇಲ್ಲದೆಯೂ ಗೇಜು ಇಳಿಯುತ್ತಿದ್ದರೆ ಸೋರುವುದು ಒಳಗೆ, ಹೊಗೆ ಹೋಗುವ ದಾರಿಗೆ, ಅದೇ ಅಪಾಯದ್ದು. ಬ್ಲಾಕಿಗೂ ಇದೇ ಪರೀಕ್ಷೆ. ಚಳಿಗೆ ನೀರು ಹೆಪ್ಪುಗಟ್ಟುವ ಊರಿನ ಬೋಟಾದರೆ ಇನ್ನೂ ಹುಷಾರು. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಬೀಡುಕಬ್ಬಿಣ ಹಿಗ್ಗುವುದಿಲ್ಲ. ಒಂದು ಚಳಿಗಾಲ ನೀರು ಬಸಿಯುವುದು ಮರೆತಿದ್ದರೂ ಬ್ಲಾಕಿನ ಪಕ್ಕದಲ್ಲಿ ಉದ್ದಕ್ಕೆ ಬಿರುಕು ಬಿದ್ದಿರುತ್ತದೆ, ಮೇಲೆ ಯಾರೋ ದಪ್ಪಗೆ ಬಣ್ಣ ಬಳಿದಿರುತ್ತಾರೆ. ಹೊಸ ಬಣ್ಣ ಹೊಡೆದ ಹಳೆಯ ಇಂಜಿನ್ ಕಂಡರೆ ನನಗಂತೂ ಅನುಮಾನವೇ ಮೊದಲು.

ನೀರಿನ ದಾರಿಯಲ್ಲಿ ಕಟ್ಟಿದ ಕೆಸರು, ತುಕ್ಕು ತೆಗೆಯಲು ಆಸಿಡ್ ಸುರಿಯುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಮೊದಲು ಮುಚ್ಚಳಗಳನ್ನು ಬಿಚ್ಚಿ ತಂತಿ, ನೀರಿನ ಒತ್ತಡದಿಂದ ತೆಗೆದಷ್ಟು ತೆಗೆಯಿರಿ. ಆಸಿಡ್‌ಗೆ ತುಕ್ಕು ಯಾವುದು, ಉಳಿದ ಗೋಡೆ ಯಾವುದು ಎಂಬ ವಿವೇಕ ಇರುವುದಿಲ್ಲ. ಕೆಲವು ಮ್ಯಾನಿಫೋಲ್ಡ್‌ಗಳಲ್ಲಿ ತೂತನ್ನು ಮುಚ್ಚಿಕೊಂಡಿರುವುದೇ ತುಕ್ಕು.

ಇಲ್ಲಿಗೆ ನಿಮ್ಮ ಇಂಜಿನ್ ಉಳಿಸಿಕೊಳ್ಳುವಂಥದ್ದೇ ಎಂಬುದು ಗೊತ್ತಾಗಿರುತ್ತದೆ. ರಿಂಗು, ಬೇರಿಂಗು, ವಾಲ್ವು, ಗ್ಯಾಸ್ಕೆಟ್ಟು ಹಣಕ್ಕೆ ಸಿಗುವ ವಸ್ತುಗಳು. ಬೋರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬಹುದು. ಮ್ಯಾನಿಫೋಲ್ಡ್ ಹೋಗಿದ್ದರೂ, ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಮಾದರಿಗಳಿಗೆ ಹೊಸದಾಗಿ ಎರಕ ಹೊಯ್ದವು ಸಿಗುತ್ತವೆ. 1947ರಲ್ಲಿ ಶುರುವಾಗಿ 1980ರ ದಶಕದವರೆಗೂ ಬಂದ ಯುನಿವರ್ಸಲ್ ಕಂಪನಿಯ ‘ಆಟಾಮಿಕ್ ಫೋರ್’ನಂಥ ಇಂಜಿನ್‌ಗೆ ಬಿಡಿಭಾಗದ ಚಿಂತೆ ಅಷ್ಟಿಲ್ಲ. ಬ್ಲಾಕ್ ಸಿಲಿಂಡರಿನೊಳಗೇ ಬಿರಿದಿದ್ದರೆ ಮಾತ್ರ ಆ ಬ್ಲಾಕಿಗೆ ಹಣ ಸುರಿಯುವ ಬದಲು ಅದೇ ಮಾದರಿಯ ಇನ್ನೊಂದು ಇಂಜಿನ್ ಹುಡುಕಿ. ಹಳೆಯದು ಬಿಡಿಭಾಗಕ್ಕಾಗುತ್ತದೆ. ಹೊಸ ಕಾಲದ ಇಂಜಿನ್ ಕೂರಿಸುವುದು ಸುಲಭವೆಂದು ತೋರಿದರೂ ತೂಕ, ತಿರುಗುವ ದಿಕ್ಕು, ಷಾಫ್ಟಿನ ಕೋನ, ಪ್ರೊಪೆಲ್ಲರ್ ಎಲ್ಲ ಬದಲಾಗಿ, ಬೋಟಿನ ಮರಗೆಲಸಕ್ಕೂ ಕೈ ಹಾಕಬೇಕಾಗುತ್ತದೆ.

ಇಗ್ನಿಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಯಿಂಟ್, ಕಂಡೆನ್ಸರ್, ತಂತಿ ಬದಲಿಸಿ. ವ್ಯವಸ್ಥೆ 6 ವೋಲ್ಟಿನದೇ, 12 ವೋಲ್ಟಿನದೇ, ಇಂಜಿನ್ನಿನ ಮೈಗೆ (ಅರ್ಥ್ ಆಗಿ) ಕೊಟ್ಟಿರುವುದು ಪಾಸಿಟಿವ್ವೇ ನೆಗೆಟಿವ್ವೇ ನೋಡಿಕೊಂಡು ಬ್ಯಾಟರಿ ಕೊಡಿ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಡಿ ಸೋರಿದ್ದು ಬಯಲಿಗೆ ಹೋಗುತ್ತದೆ, ಬೋಟಿನ ತಳದಲ್ಲಿ ಸೋರಿದ್ದು ಅಲ್ಲೇ ಕೂತು ಕಿಡಿಗೆ ಕಾಯುತ್ತದೆ. ಅದಕ್ಕೇ ಹಳೆಯ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಿರಿ, ರಬ್ಬರ್ ಹೋಸುಗಳನ್ನು ಎಥನಾಲ್ ತಾಳುವ, ಬೋಟಿಗೆಂದೇ ಮಾಡಿದ ಹೋಸಿಗೆ ಬದಲಿಸಿ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬುರೇಟರ್ ಹೊಂದಿಕೊಂಡರೂ ಹಾಕಬೇಡಿ, ಬೋಟಿನವು ಕಿಡಿ ಹೊರಬರದಂತೆ, ಪೆಟ್ರೋಲ್ ಕೆಳಗೆ ತೊಟ್ಟಿಕ್ಕದಂತೆ ಮಾಡಿದಂಥವು. ಕಾರ್ಬುರೇಟರ್ ಬಾಯಿಯ ಫ್ಲೇಮ್ ಅರೆಸ್ಟರ್ ಜಾಲರಿ ತೆಗೆದಿಟ್ಟು ಓಡಿಸುವುದಂತೂ ಹುಚ್ಚು. ಅಮೆರಿಕದಲ್ಲಿ 1940ರ ಏಪ್ರಿಲ್ 25ರ ನಂತರ ಕೂರಿಸಿದ ಪ್ರತಿ ಒಳಗಿನ ಪೆಟ್ರೋಲ್ ಇಂಜಿನ್‌ಗೂ ಬ್ಯಾಕ್‌ಫೈರ್ ಜ್ವಾಲೆ (ಇಂಜಿನ್‌ನಿಂದ ಕಾರ್ಬುರೇಟರಿನ ಮೂಲಕ ಹಿಂದಕ್ಕೆ ಚಿಮ್ಮುವ ಬೆಂಕಿ) ತಡೆಯುವ ಸಾಧನ ಕಡ್ಡಾಯ. ಸ್ಟಾರ್ಟ್ ಮಾಡುವ ಮೊದಲು, ತಳದ ಆವಿಯನ್ನು ಹೊರಹಾಕುವ ಬ್ಲೋಯರ್ ಫ್ಯಾನ್ ನಾಲ್ಕು ನಿಮಿಷ ಓಡಲಿ, ಆಮೇಲೂ ತಳಕ್ಕೆ ಬಗ್ಗಿ ಒಮ್ಮೆ ಮೂಸಿ ನೋಡಿ.

ಮೊದಲ ಸ್ಟಾರ್ಟನ್ನು ನೆಲದ ಮೇಲೆಯೇ ಮಾಡಿ. ಇಷ್ಟು ವರ್ಷ ಒಣಗಿದ ಹಲಗೆಗಳು ಕುಗ್ಗಿ ಸಂದು ಬಿಟ್ಟಿರುತ್ತವೆ, ನೀರಿಗಿಳಿಸಿದರೆ ಇಂಜಿನ್ ನೋಡುವುದೋ ಒಳಗೆ ಬಂದ ನೀರು ಮೊಗೆಯುವುದೋ ತಿಳಿಯದೆ ಹೋದೀತು. ಪಂಪಿನ ಪೈಪನ್ನು ನೀರು ತುಂಬಿದ ದೊಡ್ಡ ಬಕೆಟ್ಟಿಗೆ ಬಿಟ್ಟರಾಯಿತು. ಪಂಪಿನೊಳಗೆ ತಿರುಗಿ ನೀರು ನೂಕುವ ರಬ್ಬರ್ ಇಂಪೆಲ್ಲರ್ ಹೊಸದಿರಲಿ. ಹಳೆಯದರ ರೆಕ್ಕೆಗಳು ಬಾಗಿದಲ್ಲೇ ಗಟ್ಟಿಯಾಗಿ ನಿಂತಿರುತ್ತವೆ, ತುಂಡಾದ ಚೂರು ಮುಂದೆ ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಜಿನ್ ಹತ್ತಿಕೊಳ್ಳದೆ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಪಂಪು ನೀರು ನೂಕುತ್ತಲೇ ಇರುತ್ತದೆ. ಅದನ್ನು ಹೊರಗೆಸೆಯುವ ಹೊಗೆಯ ಒತ್ತಡ ಇರುವುದಿಲ್ಲ. ನೀರು ತುಂಬುವ ಬಗೆಯ ಸೈಲೆನ್ಸರ್ ಇದ್ದರೆ ಅದು ತುಂಬಿ ಸಿಲಿಂಡರಿಗೇ ಹಿಂತಿರುಗುತ್ತದೆ. ಹಾಗಾಗಿ ಹತ್ತುವವರೆಗೆ ನೀರು ಬಂದ್, ಹತ್ತಿದ ಕೂಡಲೇ ತೆರೆಯಿರಿ. ಒಣ ಇಂಪೆಲ್ಲರ್ ಬಹಳ ಹೊತ್ತು ತಾಳದು, ಒಬ್ಬರು ಅಲ್ಲೇ ನಿಂತಿರಲಿ. ಮೊದಲು ಎಣ್ಣೆಯ ಒತ್ತಡದ ಗೇಜು ನೋಡಿ, ಆಮೇಲೆ ಹಿಂದಿನ ಪೈಪಿನಿಂದ ನೀರು ಬೀಳುತ್ತಿದೆಯೇ ನೋಡಿ. ಬಿಸಿಯಾಗಿ ತಣಿದ ಮೇಲೆ ಹೆಡ್ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಮಾಡಿ. ಒಳಗಿನ ಕೊಳೆಯೆಲ್ಲ ಬಿಟ್ಟುಕೊಳ್ಳುವುದರಿಂದ ಎಣ್ಣೆಯನ್ನೂ ಬೇಗನೆ ಬದಲಿಸಿ.

ಇಂಜಿನ್ ಹೊರತೆಗೆದು ಮತ್ತೆ ಕೂರಿಸಿದ್ದರೆ ಇನ್ನೊಂದು ಕೆಲಸ ಬಾಕಿ. ಗೇರ್‌ಬಾಕ್ಸನ್ನು ಪ್ರೊಪೆಲ್ಲರ್ ಷಾಫ್ಟಿಗೆ ಜೋಡಿಸುವ ಎರಡು ತಟ್ಟೆಗಳ, ಅಂದರೆ ಗೇರ್‌ಬಾಕ್ಸಿನ ಕಪ್ಲಿಂಗ್ ಮತ್ತು ಷಾಫ್ಟಿನ ಕಪ್ಲಿಂಗ್‌ನ, ಮುಖಗಳು ಎಲ್ಲ ಕಡೆ ಸಮನಾಗಿ ಕೂಡಬೇಕು. ನಾಲ್ಕೂ ಬದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿದಾಗ ಸಂದಿನ ವ್ಯತ್ಯಾಸ 0.1 ಮಿ.ಮೀ. ದಾಟಬಾರದು. ನೆಲದ ಮೇಲೆ ಇದನ್ನು ಎಷ್ಟೇ ಚೊಕ್ಕವಾಗಿ ಹೊಂದಿಸಿದರೂ ಪೂರ್ತಿ ನಂಬುವ ಹಾಗಿಲ್ಲ, ಮರದ ಬೋಟು ನೀರಿಗಿಳಿದು ಹಲಗೆ ಉಬ್ಬಿದಾಗ ಆಕಾರವೇ ತುಸು ಬದಲಾಗುತ್ತದೆ. ಒಂದೆರಡು ದಿನ ನೀರಿನಲ್ಲಿ ಬಿಟ್ಟು, ಕಪ್ಲಿಂಗ್ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಅಳೆದು, ಇಂಜಿನ್ ಕಾಲುಗಳ ಎತ್ತರ ಸರಿಪಡಿಸಿ. ಬೋಟು ಓಡುವಾಗ ನಡುಕ ಬಂದರೂ ಇಂಜಿನ್ನನ್ನು ಬಿಚ್ಚುವ ಮುನ್ನ ನೋಡಬೇಕಾದ ಜಾಗ ಇದೇ.