ತುಕ್ಕಿಗಿಂತ ಬಿರುಕಿಗೇ ಹೆದರಬೇಕು

ಷಿಕಾಗೋ ನಗರದ ನಡುಭಾಗವನ್ನು ಬೀದಿಗಳ ಮೇಲಿಂದಲೇ ಸುತ್ತುವ ರೈಲುಮಾರ್ಗ ಪೂರ್ಣಗೊಂಡದ್ದು 1897ರಲ್ಲಿ. ಉಕ್ಕಿನ ಕಂಬ, ಉಕ್ಕಿನ ತೊಲೆ, ರಿವೆಟ್ಟಿನ (ಎರಡೂ ತುದಿಗೆ ತಲೆಯಿರುವ ಲೋಹದ ಮೊಳೆ) ಜೋಡಣೆ. ಅದರ ಮೇಲೆ ಇಂದಿಗೂ ರೈಲು ಓಡುತ್ತಿದೆ. ಇಂಥ ಹಳೆಯ ಮಾರ್ಗದಡಿ ನಿಂತು ಕತ್ತೆತ್ತಿದವರ ಕಣ್ಣಿಗೆ ಮೊದಲು ಬೀಳುವುದು ತುಕ್ಕು. ಪರೀಕ್ಷೆಗೆ ಬಂದ ಎಂಜಿನಿಯರಿಗೆ ಆ ತುಕ್ಕು ಎಲ್ಲಿ ಕುಳಿತಿದೆ ಎಂಬುದು ಮುಖ್ಯ.

ತೊಲೆಯ ಮೈಮೇಲೆ ತೆಳ್ಳಗೆ ಹರಡಿದ ತುಕ್ಕು ನೋಡಲು ಭೀಕರ, ಕೆರೆದರೆ ಒಳಗೆ ಗಟ್ಟಿ ಉಕ್ಕು. ಅನುಮಾನವಿದ್ದರೆ ಶ್ರವಣಾತೀತ ಧ್ವನಿಯಿಂದ ಅಳೆಯಬಹುದು. ಉಕ್ಕಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 5,900 ಮೀಟರ್ ಸಾಗುತ್ತದೆ. ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ಉಳಿದ ದಪ್ಪ ತಿಳಿಯುತ್ತದೆ. ನೀರು ನಿಲ್ಲುವ ಮೂಲೆ, ಚಳಿಗಾಲದಲ್ಲಿ ರಸ್ತೆಗೆ ಎರಚಿದ ಉಪ್ಪು ಸಿಡಿಯುವ ಕಂಬದ ಬುಡ, ಎರಡು ತಗಡುಗಳ ನಡುವಿನ ಸಂದು: ಇಲ್ಲಿನ ತುಕ್ಕೇ ಅಪಾಯ. ತುಕ್ಕಿನ ಗಾತ್ರ ಮೂಲ ಲೋಹದ ಹಲವು ಪಟ್ಟು. ಸಂದಿನಲ್ಲಿ ಬೆಳೆದರೆ ತಗಡನ್ನು ಬಾಗಿಸುತ್ತದೆ, ರಿವೆಟ್ಟಿನ ತಲೆಯನ್ನೇ ಹಾರಿಸುತ್ತದೆ.

ಆದರೂ ತುಕ್ಕು ನಿಧಾನಿ. ಬಿರುಕಿನದು ಬೇರೆಯೇ ಸ್ವಭಾವ. ಒಂದೇ ಸಲಕ್ಕೆ ಮುರಿಯಲಾರದ ಹೊರೆಯೂ ಲಕ್ಷಾಂತರ ಬಾರಿ ಬಂದುಹೋದರೆ ಲೋಹವನ್ನು ಮುರಿಯಬಲ್ಲದು. ಇದು ಲೋಹದ ದಣಿವು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ ಇದನ್ನು ಕ್ರಮವಾಗಿ ಅಳೆದವನು ಜರ್ಮನಿಯ ಆಗಸ್ಟ್ ವೋಲರ್. ಬೆಸುಗೆಯ ಜೋಡಣೆಗಳಲ್ಲಿ, ಪ್ರತಿ ಸಲ ಏರಿಳಿಯುವ ಒತ್ತಡ ದುಪ್ಪಟ್ಟಾದರೆ ಆಯುಷ್ಯ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. 1967ರಲ್ಲಿ ಅಮೆರಿಕದ ಸಿಲ್ವರ್ ಸೇತುವೆ ಕುಸಿದು 46 ಮಂದಿ ಸತ್ತರು. ಅದು ರಸ್ತೆ ಸೇತುವೆ, ನಿಜ. ಆದರೆ ಮೂಲ ದೋಷ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು, ಅದೂ ಕೀಲು ಬಿಚ್ಚದೆ ಕಾಣದ ಜಾಗದಲ್ಲಿ.

ಈ ವಿಷಯದಲ್ಲಿ ಹಳೆಯ ರಿವೆಟ್ ಕಟ್ಟಡಗಳಿಗೆ ಒಂದು ಅನುಕೂಲವಿದೆ. ಹಲವು ತಗಡು ಸೇರಿಸಿ ಕಟ್ಟಿದ ತೊಲೆಯಲ್ಲಿ ಒಂದು ತಗಡಿನ ಬಿರುಕು ಅದರ ಅಂಚಿಗೆ ಬಂದು ನಿಲ್ಲುತ್ತದೆ. ಬೆಸುಗೆ ಹಾಕಿದ ತೊಲೆಯಲ್ಲಿ ಅಡ್ಡಿಯಿಲ್ಲದೆ ಮುಂದೆ ಹರಿಯಬಲ್ಲದು. ಹಾಗಾಗಿ ನನಗೆ ಹೆಚ್ಚು ಅನುಮಾನ, ಹಳೆಯ ಉಕ್ಕಿಗೆ ಆಮೇಲೆ ಯಾರೋ ಅವಸರದಲ್ಲಿ ಹಚ್ಚಿದ ಬೆಸುಗೆಯ ತೇಪೆಗಳ ಮೇಲೆ.

ಬೇರಿಂಗುಗಳನ್ನೂ, ಅಂದರೆ ತೊಲೆ ಹಿಗ್ಗಿ ಕುಗ್ಗಲು ಎಡೆ ಕೊಡುವ ಅದರ ತುದಿಯ ಆಸರೆಗಳನ್ನೂ, ಮರೆಯುವಂತಿಲ್ಲ. 30 ಮೀಟರ್ ಉದ್ದದ ತೊಲೆ ತಾಪ 40 ಡಿಗ್ರಿ ಏರಿದರೆ ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ಬೇರಿಂಗ್ ತುಕ್ಕುಹಿಡಿದು ಬಿಗಿದಿದ್ದರೆ ಆ ನೂಕು ಕಂಬದ ಮೇಲೆ ಬೀಳುತ್ತದೆ.

ಗಿಜಿಗುಡುವ ನಗರದಲ್ಲಿ ಇದನ್ನೆಲ್ಲ ನೋಡಲು ಸಿಗುವುದು ಬಹುಮಟ್ಟಿಗೆ ರಾತ್ರಿಯ ಕೆಲವೇ ಗಂಟೆ: ಹಳಿಯ ವಿದ್ಯುತ್ ಕಡಿದು, ಕೆಳಗಿನ ರಸ್ತೆಯ ಒಂದು ಪಾಲು ಮುಚ್ಚಿ. ಡ್ರೋನ್ ಒಳ್ಳೆಯ ಚಿತ್ರ ತರುತ್ತದೆ, ಆದರೆ ಕೊಳೆ ಒರೆಸಲಾರದು, ಸಡಿಲ ರಿವೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಅದರ ಸದ್ದು ಕೇಳಲಾರದು. ಹಗಲಲ್ಲಿ ರೈಲು ಓಡುವಾಗ ನೋಡುವುದಕ್ಕೂ ಬೆಲೆಯಿದೆ. ರಿವೆಟ್ಟಿನ ಸುತ್ತ ಕೆಂಗಂದು ಪುಡಿ ಇಳಿದಿದ್ದರೆ ಅಲ್ಲಿ ಏನೋ ಅಲುಗಾಡುತ್ತಿದೆ ಎಂದರ್ಥ.

ಬಿರುಕು ಸಿಕ್ಕರೆ ಅದರ ತುದಿಗೆ ಗುರುತು ಹಾಕಿ ದಿನಾಂಕ ಬರೆಯುತ್ತಾರೆ. ಮುಂದಿನ ಸಲ ಗುರುತು ದಾಟಿದ್ದರೆ ತುದಿಯಲ್ಲಿ ದುಂಡನೆಯ ರಂಧ್ರ ಕೊರೆದು ಒತ್ತಡವನ್ನು ಚದುರಿಸಬಹುದು. ತೊಲೆ ದುರಸ್ತಿಯಾಗುವವರೆಗೆ ರೈಲಿನ ವೇಗವನ್ನೂ ತಗ್ಗಿಸಬೇಕಾಗಬಹುದು.